ಕಿವಿರು

ತಹಶೀಲ್ದಾರ ಕಚೇರಿಯೆದುರು, ಬಾದಾಮಿ ಮರದ ಬುಡದಲ್ಲಿ
ನನ್ನ ಮೇಜು. ಮೇಲೆ ಹನ್ನೊಂದು ವರ್ಷದ ಲ್ಯಾಪ್‌ಟಾಪ್.
ಅರ್ಜಿಗೆ ಮೂವತ್ತು ರೂಪಾಯಿ, ಪ್ರಿಂಟ್ ಬೇರೆ.
‘ಳ’ದ ಕೀಲಿ ಉದುರಿ ಎರಡು ಮಳೆಗಾಲ ಕಳೆಯಿತು,
ಅಡಿಯ ರಬ್ಬರಿನ ಗುಬುಟು ಒತ್ತಿದರೆ ಈಗಲೂ ಬರುತ್ತದೆ.
ಬಿಜಾಗರಿ ಮುರಿದಲ್ಲಿ ನೀಲಿ ನೈಲಾನ್ ದಾರ,
ಬಲೆಯ ಗಂಟು,
ಚಂದ್ರಭಾಗಾಬಾಯಿ ಹಾಕಿಕೊಟ್ಟದ್ದು.

ಮೇ ತಿಂಗಳಲ್ಲಿ ಪರದೆಯ ಮೇಲೊಂದು ಚೌಕ ಎದ್ದು ಬಂತು:
ಇನ್ನು ನೀವು ಮಾತಾಡಿ, ನಾನು ಬರೆಯುತ್ತೇನೆ, ಕನ್ನಡದಲ್ಲಿ.
ಕೆಳಗೆ, ಇರುವೆಯಷ್ಟು ಅಕ್ಷರದಲ್ಲಿ:
ಈ ಯಂತ್ರ ಅರ್ಹವಲ್ಲ.

ಅರ್ಹವಲ್ಲ. ಎಷ್ಟು ಸಲ ಟೈಪಿಸಿದ್ದೇನೆ ಈ ಪದ
ಬೇರೆಯವರ ಪರವಾಗಿ, ಮೇಲ್ಮನವಿಯ ಮೊದಲ ಸಾಲಿನಲ್ಲಿ.
ನನ್ನ ಮುಖಕ್ಕೇ ಹೇಳಿದ್ದು ಇದೇ ಮೊದಲು.

ಕಾಜುಬಾಗದ ಸಂಕೇತ ರಾಯ್ಕರ ಹೊಟ್ಟೆ ಬಿಚ್ಚಿ ನೋಡಿದ.
ಅಜ್ಜ ಮೂಗುತಿಗೆ ಹರಳು ಕೂರಿಸುತ್ತಿದ್ದ ಚಿಮಟ
ಈಗ ಇವನ ಕೈಯಲ್ಲಿ.
"ಒಳಗೆ ಎಲ್ಲ ಸರಿ ಇದೆ ಅಕ್ಕಾ.
ಮುಂದಿನ ವರ್ಷದ ಮಾಡೆಲ್ಲಿಗೂ ಇದೇ ಚಿಪ್, ಇಷ್ಟೇ ಮೆಮರಿ.
ಅದಕ್ಕೆ ಕೊಟ್ಟಿದ್ದಾರೆ, ಇದಕ್ಕಿಲ್ಲ."
ಯಾಕೆ?
ನಕ್ಕ. ಅಕ್ಕಸಾಲಿಗರ ನಗು,
ತೂಕ ಗೊತ್ತಿದ್ದೂ ಹೇಳದ ನಗು.

ಆಮೇಲೆ ಎಲ್ಲೋ ಒಳಗಿನ ಒಂದು ಸಾಲಿಗೆ ಹೋಗಿ
ಹದಿಮೂರನ್ನು ಹದಿನಾಲ್ಕು ಮಾಡಿದ.
ಒಂದು ಅಂಕಿ. ಅಷ್ಟೇ.
ಹುಟ್ಟಿದ ವರ್ಷ ಮರೆತ ಯಂತ್ರ
ಕಿವಿ ತೆರೆಯಿತು.

ಚಂದ್ರಭಾಗಾಬಾಯಿ ಬುಟ್ಟಿ ಇಳಿಸಿ ಎದುರು ಕೂತಳು.
ಐಸ್ ಪೆಟ್ಟಿಗೆಯ ಸಹಾಯಧನಕ್ಕೆ ಅರ್ಜಿ.
ಮಾತಾಡಿ ಬಾಯಿ, ಅದೇ ಬರೆಯುತ್ತದೆ.
ಮುಂದೆ ಬಾಗಿದಳು, ಕಿವುಡ ಗಂಡನಿಗೆ ಹೇಳುವಂತೆ ಕೂಗಿದಳು:
"ನಲವತ್ತು ವರ್ಷ ಬೈತಖೋಲದಲ್ಲಿ ಬಾಂಗಡೆ ಮಾರಿದವಳು ನಾನು."
ಪರದೆ ಬರೆಯಿತು:
ನಲವತ್ತು ವರ್ಷ ಬೈಠಕ್ಕಿನಲ್ಲಿ ಬಂಗಾರ ಮಾರಿದವಳು ನಾನು.

ಓದಿ ಹೇಳಿದೆ. ಹೊಟ್ಟೆ ಹಿಡಿದುಕೊಂಡು ನಕ್ಕಳು.
"ಇರಲಿ ಗೋ, ಬಂಗಾರವೇ ಇರಲಿ.
ಜೂನಿನಲ್ಲಿ ಬೋಟು ಬಂದ್ ಆದ ಮೇಲೆ ರೇಟು ಹಂಗೇ ಇರ್ತದೆ."

ನಗು ಆರುವಷ್ಟರಲ್ಲಿ ಕಣ್ಣು ಸಣ್ಣ ಮಾಡಿದಳು.
"ಆ ಹುಡುಗ ಇದಕ್ಕೆ ಏನು ಮಾಡಿದ ಅಂದೆ?"
ಒಂದು ಅಂಕಿ ಬದಲಿಸಿದ.
"ನನ್ನದೂ ಬದಲಿಸು."
ಆಧಾರ್ ಕಾರ್ಡು ಮೇಜಿನ ಮೇಲೆ, ಮೀನಿನ ಹುರುಪೆಯೊಂದು ಅಂಟಿಕೊಂಡು.
ಅರವತ್ತೊಂದು.
ಸಹಾಯಧನ ಅರವತ್ತಕ್ಕೇ ಮುಗಿಯುತ್ತದೆ.
"ನಿನ್ನೆಯೂ ಕೋಡಿಬಾಗದವರೆಗೆ ತಲೆಮೇಲೆ ಹೊತ್ತೆ.
ಒಳಗೆ ಎಲ್ಲ ಸರಿ ಇದೆ."

ನನಗೆ ಮಾತು ಹೊರಡಲಿಲ್ಲ.
ಮೈಕು ಆರಿಸಲು ಮರೆತಿದ್ದೆ, ಅದು ಕೇಳುತ್ತಲೇ ಇತ್ತು.
ಪರದೆಯ ಮೇಲೆ, ಒಂದಕ್ಷರ ತಪ್ಪಿಲ್ಲದೆ:
ಒಳಗೆ ಎಲ್ಲ ಸರಿ ಇದೆ.

ಹದಿನೇಳು ದಿನ ನಡೆಯಿತು ಆ ಸುಳ್ಳು.
ಹದಿನೆಂಟನೆಯ ಬೆಳಿಗ್ಗೆ ಹೊಸ ಅಪ್‌ಡೇಟ್ ಬಂದು
ಹುಟ್ಟಿದ ವರ್ಷ ತಿದ್ದಿ ಹೋಯಿತು.
ಮೈಕಿನ ಚಿತ್ರಕ್ಕೆ ಬೂದಿ ಬಣ್ಣ.
ಪೇಟೆಯ ಅಂಗಡಿಯವ ಕಂತಿನ ಲೆಕ್ಕ ಹೇಳಿದ,
ಹಳೆಯದಕ್ಕೆ ಎರಡೂವರೆ ಸಾವಿರ ಅಂದ, ತೂಕಕ್ಕೆ ಹಾಕುವವನ ಹಾಗೆ.

ಅದೇ ವಾರ ಅವಳ ಅರ್ಜಿಯೂ ವಾಪಸು ಬಂತು.

ಇದರ ಕಾಲ ಮುಗಿಯಿತಂತೆ ಬಾಯಿ, ಅಂದೆ.
"ಅಂದವರು ಯಾರು?"
ಇಸ್ವಾಣವನ್ನು ಎತ್ತುವ ಹಾಗೆ ಓರೆಯಾಗಿ ಎತ್ತಿದಳು,
ಬದಿಯ ಸೀಳುಗಳಿಗೆ ಹೆಬ್ಬೆರಳು ಒತ್ತಿದಳು,
ಬಿಸಿ ಗಾಳಿ ಬರುವಲ್ಲಿ.
ಮೀನಿಗೆ ಯಾರೂ ತಾರೀಖು ಕೇಳುವುದಿಲ್ಲ,
ಕಿವಿರು ಬಿಡಿಸಿ ನೋಡುತ್ತಾರೆ.

"ಇನ್ನೂ ಕೆಂಪಿದೆ," ಅಂದಳು. "ಬರಿ."

ಬರೆದೆ. ಮೇಲ್ಮನವಿ.
ವಯಸ್ಸು ಅರವತ್ತೊಂದು, ಇದ್ದಂತೆ.
ಬೈತಖೋಲ. ಬಾಂಗಡೆ.
‘ಮಾರಿದವಳು’ ಎಂಬಲ್ಲಿ ಬೆರಳು ನಿಂತಿತು.
ರಬ್ಬರಿನ ಗುಬುಟನ್ನು ಒತ್ತಿ ಹಿಡಿದೆ,
‘ಳ’ ಬರುವವರೆಗೆ.