ಹಾಯಿ ಹೊಲಿಯುವವಳ ಲೆಕ್ಕ

ಮೂರು ವಾರದಿಂದ ಓದಿದ್ದೆಲ್ಲ ಗಾಳಿಮಾತು.
ಹಾರಿದವರ ಚರಿತ್ರೆ
ಬೇರೆ ಯಾವುದರಲ್ಲಿ ಸಿಗಬೇಕು, ಹೇಳಿ.

ಓಲೆಸುಂಡಿನ ದಾಖಲೆಮನೆ, ನೆಲಮಾಳಿಗೆ.
ಮೇಲಿನ ಕಿಟಕಿಯಲ್ಲಿ ದಾರಿಹೋಕರ ಬೂಟು,
ಆಗೊಮ್ಮೆ ಈಗೊಮ್ಮೆ ಒಂದು ಕಡಲಹಕ್ಕಿಯ ಒದ್ದೆ ಕಾಲು.
ಪೆಟ್ಟಿಗೆ ತಂದಿಡುವ ಓಸ್‌ಹಿಲ್ಡ್
'ಇನ್ನೂ ಬಿದ್ದವರನ್ನೇ ಹುಡುಕುತ್ತಿದ್ದೀಯಾ?' ಅನ್ನುತ್ತಾಳೆ.
'ಹಾರಿದವರನ್ನು' ಎಂದು ತಿದ್ದುತ್ತೇನೆ.
'ಪೆಟ್ಟಿಗೆ ಒಂದೇ.'

ಸಿಕ್ಕವರು ಕೆಲವರು.
ಗಂಟೆಗೋಪುರದಿಂದ ಇಳಿದ ಬೇಕರಿಯವ,
ಹೆಂಡತಿಯ ಲಂಗದ ರೇಷ್ಮೆ ಕದ್ದ ಗಡಿಯಾರದವ,
ಸ್ಕೀ ದಿಬ್ಬದ ತುದಿಯಲ್ಲಿ ಮನಸ್ಸು ಬದಲಿಸಿ
ಮೊಮ್ಮಕ್ಕಳನ್ನು ಕಂಡವ.
ಅವನ ಕಡತ ಎಲ್ಲಕ್ಕಿಂತ ತೆಳು.

ಆಮೇಲೆ ಸಿವೆರ್ತ್.
ಮೂವತ್ತಾರನೇ ಇಸವಿ, ಆಗಸ್ಟ್, ಭಾನುವಾರ.
ಮೂರು ಪತ್ರಿಕೆ, ಮೂರು ಎತ್ತರ.
ಒಂದರಲ್ಲಿ ಬಾವಲಿ, ಇನ್ನೊಂದರಲ್ಲಿ ಹಾರುವ ಅಳಿಲು.
ಇರುವೆಗೆ ರೆಕ್ಕೆ ಬಂದರೆ ಏನಾಗುತ್ತದೆಂದು ನಾವನ್ನುವುದನ್ನೇ
ಪಾದ್ರಿಯ ಪತ್ರಿಕೆ ಎರಡು ಕಾಲಂ ಬರೆದಿದೆ.
ಹನ್ನೊಂದು ಸೆಕೆಂಡು ತೇಲಿದ. ಅಲ್ಲ, ನಲವತ್ತು.
ಅಲ್ಲ, ತೇಲಲೇ ಇಲ್ಲ.
ಮೇಯರನ ಹೆಂಡತಿಯ ಟೋಪಿಯ ಬಣ್ಣದಲ್ಲಿ ಮಾತ್ರ
ಮೂವರಿಗೂ ಒಮ್ಮತ.

ಚಿತ್ರದಲ್ಲಿ ಅವನು ವಿಮಾನದ ಪಕ್ಕ ನಿಂತಿದ್ದಾನೆ.
ತೋಳಿಗೂ ಪಕ್ಕೆಗೂ ನಡುವಿನ ಬಟ್ಟೆ
ಮಡಿಸಿದ ಒದ್ದೆ ಕೊಡೆಯಂತೆ ಜೋತಿದೆ.
ಎಲ್ಲಿ ನೋಡಬೇಕೆಂದು ಯಾರೂ ಹೇಳಿಕೊಟ್ಟಿಲ್ಲ.
ಕೊರಳಪಟ್ಟಿಗೆ ಗುಂಡಿ ಇಲ್ಲ, ಪಿನ್ನು.
ನನಗೆ ಆ ಪಿನ್ನಿನ ಮೇಲೇ ಕಣ್ಣು.
ಅಷ್ಟು ಬಟ್ಟೆಯನ್ನು ಯಾರೋ ಹೊಲಿದಿರಬೇಕಲ್ಲ.

ಹೆರಿಂಗ್ ಮೀನಿನ ಲೆಕ್ಕದ ನಡುವೆ, ತಪ್ಪು ಪೆಟ್ಟಿಗೆಯಲ್ಲಿ,
ಸಿಕ್ಕಳು:
ಗುನ್‌ವೋರ್ ಸೇತ್ರೆವಿಕ್, ಹಾಯಿ ಹೊಲಿಯುವವಳು.
ಕೈಬರಹ ಟಾಕು ಹಾಕಿದಂತೆ, ಸಣ್ಣದು, ಬಿಗಿ.

    ಸಿವೆರ್ತನಿಗೆ. ಹಾಯಿಬಟ್ಟೆ ಹನ್ನೊಂದು ಮೊಳ.
    ಕಂಕುಳಲ್ಲಿ ಬಿಗಿ ಎಂದ, ಬಿಚ್ಚಿ ಮತ್ತೆ ಹೊಲಿದೆ.
    ಮುಂಗಡ ಇಪ್ಪತ್ತು ಕ್ರೋನ.
    ಬಾಕಿ ಹದಿನಾಲ್ಕು, ಭಾನುವಾರ ಕಳೆದ ಮೇಲೆ.

ಸೋಮವಾರ ಅವಳು ಏನೂ ಬರೆದಿಲ್ಲ.
ಮಂಗಳವಾರ ಯಾರದೋ ದೋಣಿಯ ಹಾಯಿಗೆ ತೇಪೆ.
ಬುಧವಾರ, ಅಂಕಿಯಿಲ್ಲದೆ:

    ಬಟ್ಟೆ ತಂದುಕೊಟ್ಟರು. ದೀಪ ಹಿಡಿದು ನೋಡಿದೆ.
    ಒಂದು ಹೊಲಿಗೆಯೂ ಬಿಟ್ಟಿಲ್ಲ.

ಬಹಳ ಹೊತ್ತು ಪುಟ ತಿರುಗಿಸಲಿಲ್ಲ ನಾನು.
ಮೇಲೆ ಬೂಟುಗಳು ಹೋದವು, ಬಂದವು.

ಅಲ್ಲಿಂದಾಚೆ ಪ್ರತಿ ಹೊಸ ವರ್ಷದ ಮೊದಲ ಸಾಲು
ಸಿವೆರ್ತ್, ಹಿಂದಿನ ಬಾಕಿ, ಹದಿನಾಲ್ಕು.
ಯುದ್ಧ ಬಂತು, ಶಾಯಿ ಹೋಗಿ ಪೆನ್ಸಿಲ್ ಬಂತು,
ಹದಿನಾಲ್ಕು ಹದಿನಾಲ್ಕಾಗಿಯೇ ಉಳಿಯಿತು.
ಬಡ್ಡಿ ಹಾಕಲಿಲ್ಲ. ಹೊಡೆದೂ ಹಾಕಲಿಲ್ಲ.
ನಲವತ್ತೊಂದರಲ್ಲಿ, ಬಟ್ಟೆಗೆ ಬರ ಬಂದಾಗ,
ಹಳೆಯ ರೆಕ್ಕೆ ಬಿಚ್ಚಿ ಒಂದು ಪುಟ್ಟ ಹಾಯಿ,
ಪಕ್ಕದ ಮನೆ ಹುಡುಗನ ದೋಣಿಗೆ. ಹಣವಿಲ್ಲ.

ಶನಿವಾರ ಬಸ್ಸು ಹಿಡಿದು ರೋಮ್ಸ್‌ಡಾಲ್ ಕಣಿವೆಗೆ ಹೋದೆ.
ಈಗಿನವರಿಗೆ ವಿಮಾನವೂ ಬೇಡ, ಬಂಡೆಯ ಅಂಚು ಸಾಕು.
ಇಲ್ವಾ ಎಂಬ ಹುಡುಗಿ ಹುಲ್ಲಿನ ಮೇಲೆ ಸೂಟು ಹರಡಿ
ಹೆಬ್ಬೆರಳಲ್ಲಿ ಕಂಕುಳ ಹೊಲಿಗೆ ಸವರುತ್ತಿದ್ದಳು.
'ನಿನ್ನ ಆ ಮನುಷ್ಯ ಎಷ್ಟು ಹೊತ್ತು ಹಾರಿದ?'
ಹನ್ನೊಂದು, ನಲವತ್ತು, ಸೊನ್ನೆ, ಯಾವುದನ್ನು ಹೇಳಲಿ.
'ಹೊಲಿಗೆ ಬಿಡಲಿಲ್ಲ' ಅಂದೆ.
ಉತ್ತರ ಸಿಕ್ಕವಳಂತೆ ತಲೆಯಾಡಿಸಿ
ಮತ್ತೆ ಮೊದಲಿನಿಂದ ಸವರಿದಳು.

ಮಧ್ಯಾಹ್ನ ಎರಡಕ್ಕೆ ಕಣಿವೆಯ ಮೇಲೆ ಆ ಸದ್ದು:
ಅಂಗಡಿಯಲ್ಲಿ ಅಳೆದು, ಅಂಚಿಗೆ ಕತ್ತರಿ ತಾಕಿಸಿ,
ಒಂದೇ ಎಳೆತಕ್ಕೆ ಥಾನಿನಿಂದ ಬಟ್ಟೆ ಹರಿದ ಹಾಗೆ.
ನಾನು ನಿಂತಲ್ಲೇ ಕುಗ್ಗಿದೆ.
ಕುರಿಗಳು ತಲೆಯೆತ್ತಲಿಲ್ಲ.