ಇಪ್ಪತ್ತೆಂಟನೆಯ ದಿನ

ಡುಲೂತಿನ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ನನ್ನ ಮೇಜು.
ತಲೆಯ ಮೇಲೆ ಹಬೆಯ ಕೊಳವೆ ಗೊರಗೊರ ಅನ್ನುತ್ತದೆ.
ಎದೆ ಮುಟ್ಟಿ ನೋಡುವವರು ಮೇಲಿನ ಮಹಡಿಯವರು;
ನನಗೆ ಬರುವುದು ಅವರು ಬರೆದಿಟ್ಟದ್ದು ಮಾತ್ರ.

ರೈನೊ ಕಂಗಾಸ್, ಎಪ್ಪತ್ತೊಂದು.
ಅದಿರಿನ ಕಟ್ಟೆಯಲ್ಲಿ ದುಡಿದವನು.
ಫೆಬ್ರವರಿ ಮೂರಕ್ಕೆ ಹೃದಯದ ಕೆಳಗೋಡೆ.
ಅದಕ್ಕೆ ಐ ಇಪ್ಪತ್ತೊಂದು ಕೊಟ್ಟು ಕಡತ ಮುಚ್ಚಿದ್ದೆ.
ಈಗ ಮತ್ತೆ ಅವನೇ. ಈ ಸಲ ಮುಂಗೋಡೆ.
ಬಾಗಿಲಿಗೆ ಬಂದದ್ದು ಮಾರ್ಚ್ ನಾಲ್ಕು,
ನಡುರಾತ್ರಿ ದಾಟಿ ಇಪ್ಪತ್ತು ನಿಮಿಷ.

ನಾಲ್ಕು ವಾರದೊಳಗೆ ಮರುಕಳಿಸಿದರೆ ಐ ಇಪ್ಪತ್ತೆರಡು.
ಒಂಟಿಯಾಗಿ ಬರುವ ಹಾಗಿಲ್ಲ ಅದು,
ಅಕ್ಕನ ಕೈ ಹಿಡಿದೇ ರಸ್ತೆ ದಾಟುವ ಹುಡುಗನ ಹಾಗೆ
ಇಪ್ಪತ್ತೊಂದರ ಜೊತೆಗೇ ಬರಬೇಕು.
ಇಪ್ಪತ್ತೊಂಬತ್ತನೆಯ ದಿನ ಬಂದರೆ ಲೆಕ್ಕ ಬೇರೆ:
ಅದು ಮತ್ತೆ ಮೊದಲನೆಯದು.
ಹಿಂದಿನದು ಹಳತಾಗಿ, ಮಾಯ್ದ ಗಾಯವಾಗಿ
ಐ ಇಪ್ಪತ್ತೈದರ ಮೂಲೆಗೆ ಹೋಗಿ ಕೂರುತ್ತದೆ.

ಬೆರಳ ಗಿಣ್ಣುಗಳಲ್ಲಿ ಎಣಿಸಿದೆ. ಇನ್ನೊಮ್ಮೆ
ಗೋಡೆಯ ಕ್ಯಾಲೆಂಡರಿನಲ್ಲಿ, ಪೆನ್ಸಿಲ್ ತುದಿಯಿಂದ.
ಮೂರು ಅಂದರೆ ಇಪ್ಪತ್ತೆಂಟು. ನಾಲ್ಕು ಅಂದರೆ ಇಪ್ಪತ್ತೊಂಬತ್ತು.
ನರ್ಸಿನ ಟಿಪ್ಪಣಿಯಲ್ಲಿ ಒಂದು ಸಾಲು:
"ಸಂಜೆ ಹಿಮ ಎತ್ತುತ್ತಿದ್ದಾಗ ಸಲಿಕೆ ಕೈಬಿಟ್ಟು
ಅಂಚೆಪೆಟ್ಟಿಗೆಗೆ ಒರಗಿ ನಿಂತರೆಂದು ಹೆಂಡತಿಯ ಹೇಳಿಕೆ."
ಹಿಮ ಎತ್ತುವುದಕ್ಕೂ ನಮ್ಮಲ್ಲಿ ಸಂಖ್ಯೆಯಿದೆ, ನಗಬೇಡಿ.
ಆದರೆ ಒರಗಿ ನಿಂತದ್ದು ದಣಿವೋ, ಆಗಲೇ ಶುರುವಾದದ್ದೋ,
ಅದನ್ನು ಹೇಳಬೇಕಾದವಳು ನಾನಲ್ಲ.

ಡಾಕ್ಟರ್ ಟಿಲ್ಗ್‌ಮನ್‌ಗೆ ಬರೆದೆ.
ಪ್ರಶ್ನೆಯ ಹೊಟ್ಟೆಯಲ್ಲಿ ಉತ್ತರ ಬಚ್ಚಿಡಬಾರದು,
ನಮ್ಮ ಕಸುಬಿನ ನೇಮ ಅದು.
ನಾಲ್ಕು ಸಲ ಬರೆದು, ನಾಲ್ಕು ಸಲ ಅಳಿಸಿ, ಕೊನೆಗೆ
"ನೋವು ಶುರುವಾದದ್ದು ಯಾವಾಗ?" ಅಷ್ಟೇ.
ಎರಡು ದಿನ ಸುದ್ದಿಯಿಲ್ಲ. ರಾತ್ರಿಯೆಲ್ಲ
ಸರೋವರದ ಮೇಲೆ ಮಂಜುಗಡ್ಡೆ ಬಿರಿಯುವ ಸದ್ದು.
ಆಮೇಲೆ ಬಂತು: ಮೂರನೆಯ ತಾರೀಖು, ಸಂಜೆ ಏಳು.
ಇಪ್ಪತ್ತೆರಡು ಹಾಕಿದೆ. ಪಕ್ಕದಲ್ಲಿ ಇಪ್ಪತ್ತೊಂದು.

ಏಪ್ರಿಲ್‌ನಲ್ಲಿ ಫೋನು. ಬಿಲ್ಲು ಹಿಡಿದುಕೊಂಡು ರೈನೊ:
"ಎರಡನೆಯದು ಅಂತ ಹಾಕಿದ್ದೀರಿ, ಮೇಡಂ.
ನನಗೇನೋ ಎರಡೂ ಒಂದೇ ಅನ್ನಿಸಿತು,
ನಡುವೆ ಒಂದಿಷ್ಟು ನಿದ್ದೆ ಮಾಡಿದ್ದೆ, ಅಷ್ಟೆ."
ನಿಯಮ ಓದಿ ಹೇಳಿದೆ. ಹೂಂ ಅಂದ.
ಫೋನ್ ಇಡುವ ಮುನ್ನ, ಕೇಳಬಾರದಿತ್ತು, ಕೇಳಿದೆ:
ಆ ಹಿಮ ಪೂರ್ತಿ ತೆಗೆದಾಗಿತ್ತೇ?
"ಅರ್ಧ," ಅಂದ.
"ಮಿಕ್ಕದ್ದು ತಾನೇ ಕರಗಿತು."