ಕಾಟಾ ಪುಸ್ತಕದ ಕೊನೆಯ ಹಾಳೆ

ಯುಗಾದಿಗೆ ಎಪ್ಪತ್ತಾರು.
ಕಾರಹುಣ್ಣಿಮೆಗೆ ಎಪ್ಪತ್ತಾರು.
ನಾಗರ ಪಂಚಮಿಯ ಉಂಡೆ ಒಂದನ್ನೂ ಮುಟ್ಟದೆ
ಮರುದಿನ ಹತ್ತಿ ನಿಂತರೆ
ಎಪ್ಪತ್ತಾರೂ ಇನ್ನೂರು ಗ್ರಾಮು.
ಉಂಡೆಯ ವಾಸನೆಗೂ ತೂಕ ಇರಬೇಕು.

ಬಳೆ ತೆಗೆದಿಟ್ಟು ನಿಂತೆ,
ಕೊರಳಿನದನ್ನು ಕನ್ನಡಿಯ ಮೊಳೆಗೆ ಸಿಕ್ಕಿಸಿ ನಿಂತೆ,
ಬಚ್ಚಲ ಕಲ್ಲಿನ ಮೇಲೆ, ಪಡಸಾಲೆಯ ಬಂಡೆಯ ಮೇಲೆ
ಮಿಷನ್ನು ಇಟ್ಟಿಟ್ಟು ನೋಡಿದೆ,
ಉಸಿರನ್ನೆಲ್ಲ ಹೊರಗೆ ಬಿಟ್ಟು ನಿಂತೆ.
ಆದೋನಿಯ ಮಾರ್ಕೆಟ್ ಯಾರ್ಡಿನಲ್ಲಿ ಹದಿನಾರು ವರ್ಷ
ಹತ್ತಿ ತೂಗಿದವಳು ನಾನು,
ನೀರು ಚಿಮುಕಿಸಿ ತಂದ ಅಂಡಿಗೆಯನ್ನು
ಬರೀ ಅಂಗೈ ಇಟ್ಟು ಹಿಡಿಯುವವಳು.
ನನ್ನ ಸರದಿ ಬಂದಾಗ ನಾನೂ
ಕಾಟಾದಲ್ಲಿ ಮೋಸಕ್ಕೆ ಸಂದು ಹುಡುಕಿದೆ.

ಸಕ್ಕರೆ ಅಂಚಿಗೆ ಬಂದು ನಿಂತಿದೆ, ನಡೀರಿ,
ಅಂದಿದ್ದರು ದೊಡ್ಡಾಸ್ಪತ್ರೆಯ ಡಾಕ್ಟರಮ್ಮ.
ಅದಕ್ಕೇ ಬೆಳಗಿನ ಐದಕ್ಕೆ ರಣಮಂಡಲದ ಗುಡ್ಡ,
ಜೊತೆಗೆ ಹಿಂದಿನ ಓಣಿಯ ಮೆಹಬೂಬ್ಬಿ.
ಮೊದಲ ತಿಂಗಳು ಮಾತೆಲ್ಲ ಅವಳದೇ:
ಸೊಸೆ, ಸಿಲಿಂಡರಿನ ರೇಟು, ಮೊಮ್ಮಗನ ಹಲ್ಲು.
ನನಗೆ ಹೂಂ ಅನ್ನುವುದಕ್ಕೂ ಉಸಿರಿರಲಿಲ್ಲ.
ಯಾರೋ ಯಾರದೋ ಹೆಸರನ್ನು ನೀಲಿ ಬಣ್ಣದಲ್ಲಿ ಬರೆದ
ಆ ಬಂಡೆಯ ಹತ್ತಿರ
ಎರಡೂ ಕೈ ಮಂಡಿಗೆ ಊರಿ
ಊರು ನೋಡುವವಳ ಹಾಗೆ ನಟಿಸುತ್ತಿದ್ದೆ.

ಮೊನ್ನೆ, ಉಗ್ಗಾಣಿಗೆ ನಿಂಬೆಯೋ ಹುಣಸೆಯೋ ಎಂದು
ಕೆಳಗಿನ ಮೆಟ್ಟಿಲಲ್ಲಿ ಹತ್ತಿಕೊಂಡ ಜಗಳ
ನೀಲಿ ಬಂಡೆ ದಾಟಿತು,
ಮಂಗಗಳು ಕೂರುವ ತಿರುವು ದಾಟಿತು,
ಹನುಮಪ್ಪನ ಗಂಟೆಯ ತನಕ ಏರುದನಿಯಲ್ಲೇ ಬಂತು.
ಗೆದ್ದವಳು ಅವಳೇ.
ಅರ್ಧ ಇಳಿದ ಮೇಲೆ ಹೊಳೆಯಿತು,
ನಾನು ಎಲ್ಲೂ ನಿಂತಿರಲಿಲ್ಲ.

ಅವತ್ತೂ ಎಪ್ಪತ್ತಾರು.

ರವಿಕೆಯ ಪಕ್ಕದ ಹೊಲಿಗೆ ಹಿಡಿಯಲು ಕೊಟ್ಟರೆ
ಖಾಜಾಸಾಬ ಎರಡೆರಡು ಸಲ ಕೇಳಿದ,
ಬಿಚ್ಚೋದಾ, ಹಿಡಿಯೋದಾ?
ಹತ್ತು ವರ್ಷದಿಂದ ಬಿಚ್ಚಿಸುವ ಗಿರಾಕಿ ನಾನು.

ಮಿಷನ್ನೇ ಕೆಟ್ಟಿರಬೇಕು ಅಂದೆ
ಹಮಾಲಿ ಉರುಕುಂದಪ್ಪನಿಗೆ.
ಅವನು ಬೀಡಿಯನ್ನು ಕಿವಿಯ ಮೇಲೆ ಸಿಕ್ಕಿಸಿ
ಫ್ಯಾಕ್ಟರಿ ಗೇಟಿನ ಕಡೆ ಗದ್ದ ಎತ್ತಿದ.
‘ಅಲ್ನೋಡಕ್ಕ. ಒಂದು ಕೋಣೆ ತುಂಬ ಅರಳೆ
ಪ್ರೆಸ್ಸಿನ ಬಾಯಿಗೆ ಹೋಗ್ತೈತೆ.
ಹೊರಗೆ ಬರೋದು ನಾನು ತಬ್ಬೋ ಅಷ್ಟು ಬೇಲು.
ಕಾಟಾಕ್ಕೆ ಅದೂ ಅಷ್ಟೇ, ಇದೂ ಅಷ್ಟೇ.
ಯಾವುದು ಎಷ್ಟು ಜಾಗ ತಿಂತೈತೆ
ಲಾರಿಯವನ್ನ ಕೇಳು.’

ಹದಿನಾರು ವರ್ಷ ಆ ಬೇಲುಗಳ ಅಂಕಿ ಬರೆದ
ಕೈ ಇದು. ನಾಚಿಕೆಯಾಯಿತು.

ಲಾರಿಗಾದರೆ ಸುಲಭ:
ತುಂಬಿದ್ದನ್ನು ಒಮ್ಮೆ ತೂಗಿ, ಖಾಲಿಯಾದ ಮೇಲೆ ಒಮ್ಮೆ ತೂಗಿ,
ಕಳೆದು, ಚೀಟಿ ಹರಿದು ಕೊಡುತ್ತೇನೆ.
ಇಲ್ಲಿ ಮಾತ್ರ ಯಾವುದು ಲಾರಿ
ಯಾವುದು ಸರಕು
ಇನ್ನೂ ಗೊತ್ತಿಲ್ಲ.

ಕಾಟಾ ಪುಸ್ತಕದ ಕೊನೆಯ ಹಾಳೆಯಲ್ಲಿ
ಎಪ್ಪತ್ತಾರುಗಳ ಉದ್ದ ಸಾಲಿನ ಪಕ್ಕ
ಇನ್ನೊಂದು ಗೆರೆ ಎಳೆದಿದ್ದೇನೆ:
ಗುಡ್ಡ, ಪೂರ್ತಿ, ಜಗಳ ಸಮೇತ.
ರಾತ್ರಿ ಮೀನಖಂಡ ಹಿಡಿಯಲಿಲ್ಲ.
ನೀರಿನ ಕ್ಯಾನು ಮೇಲಿನ ಮನೆಗೆ, ಒಬ್ಬಳೇ,
ನಡುವೆ ಒಂದೇ ಸಲ ಇಳಿಸಿ.
ನಾಲ್ಕು ಹುಕ್ಕೂ ಬಿದ್ದವು.
ಬುಧವಾರ ಹೋಗಲಿಲ್ಲ, ಸೋಮಾರಿತನ.
ರಕ್ತ ಕೊಡುವುದು ಹದಿನಾಲ್ಕಕ್ಕೆ. ಹೆದರಿಕೆ.

ಇವತ್ತಿನದನ್ನು ಬರೆಯುತ್ತಿದ್ದೆ.
ಎಪ್ಪತ್ತಾರು ಎಂದೂ ಬರೆದೆ, ಬಿಡಲಿಲ್ಲ,
ಅದರ ಪಾಡಿಗೆ ಅದೂ ಇರಲಿ.
ಯಾರೋ ಕಿಟಕಿ ಬಡಿದರು, ‘ಅಮ್ಮಾ, ಕಾಟಾ!’
ಕರಿಯ ತಾಡಪತ್ರಿ ಹೊದ್ದ ಲಾರಿ
ತಕ್ಕಡಿಯ ಮೇಲೆ ಆಗಲೇ ಗುರುಗುಡುತ್ತಿತ್ತು.
ಡ್ರೈವರು ಇಳಿದಿರಲಿಲ್ಲ.
ಇಳಿ ಅಂತ ಕೂಗಿದೆ,
ನಿನ್ನನ್ನೂ ಸೇರಿಸಿ ಮಾರೋದು ಬೇಡ.